ವಿದೇಶದಲ್ಲಿ ಇಂಟರ್ನ್‌ಗೆ ಜಾಗ ಬೇಕೇ? ಮೊದಲು ಮೇಲ್ವಿಚಾರಕರನ್ನು ಹುಡುಕಿ

ಪ್ರಶ್ನೆ: ಪರಂಪರೆ ಸಂರಕ್ಷಣೆಯ ಸ್ನಾತಕೋತ್ತರ ಕೋರ್ಸ್‌ನಲ್ಲಿ ಪಾಠ ಮಾಡುತ್ತೇನೆ. ವಿದ್ಯಾರ್ಥಿಗಳನ್ನು ಹತ್ತು ಹನ್ನೆರಡು ವಾರದ ತರಬೇತಿಗೆ ಬೇರೆ ದೇಶಕ್ಕೆ ಕಳಿಸುವ ಜವಾಬ್ದಾರಿ ನನ್ನದೇ. ಕಳೆದ ವರ್ಷ ಮ್ಯೂಸಿಯಂ, ಲ್ಯಾಬ್, ಅಂತರರಾಷ್ಟ್ರೀಯ ಸಂಸ್ಥೆ ಅಂತ ಸುಮಾರು ನಲವತ್ತು ಕಡೆಗೆ ಇಮೇಲ್ ಕಳಿಸಿದೆ. ಹೆಚ್ಚಿನವರು ಉತ್ತರವನ್ನೇ ಕೊಡಲಿಲ್ಲ. ಕೆಲವರು ‘ಸದ್ಯಕ್ಕೆ ಅವಕಾಶವಿಲ್ಲ’ ಅಂದರು. ಒಂದು ಕಡೆ ಒಪ್ಪಿದರು, ಆದರೆ ವೀಸಾ ಹೊತ್ತಿಗೆ ಬರಲಿಲ್ಲ. ‘ಸಂಬಳ ಬೇಡ ಅಂತ ಬರೆಯಿರಿ, ಯಾರಾದರೂ ತಗೋತಾರೆ’ ಅಂತ ಒಬ್ಬ ಸಹೋದ್ಯೋಗಿ ಹೇಳುತ್ತಾರೆ. ‘ಎರಡು ಸಂಸ್ಥೆಗಳ ನಡುವೆ ಎಂಒಯು (ಒಡಂಬಡಿಕೆ ಪತ್ರ) ಇಲ್ಲದೆ ಯಾರೂ ಒಳಗೆ ಬಿಡುವುದಿಲ್ಲ’ ಅಂತ ಇನ್ನೊಬ್ಬರು. ವಿದ್ಯಾರ್ಥಿಗಳಿಗೋ ದೊಡ್ಡ ಹೆಸರೇ ಬೇಕು. ನನ್ನ ಪತ್ರದಲ್ಲೇ ತಪ್ಪಿದೆಯಾ? ಈ ವರ್ಷ ಹಳೆಯ ಸುಣ್ಣದ ಗಾರೆಯ ಮೇಲೆ ಕೆಲಸ ಮಾಡುವ ಒಬ್ಬ ವಿದ್ಯಾರ್ಥಿನಿಗೆ ಇನ್ನೂ ಜಾಗ ಸಿಕ್ಕಿಲ್ಲ. ಹೊರಡಲು ಉಳಿದಿರುವುದು ಮೂರೇ ತಿಂಗಳು. ಏನು ಮಾಡಲಿ?

ಉತ್ತರ: ನಲವತ್ತು ಇಮೇಲ್‌ಗೆ ಉತ್ತರ ಬರದಿದ್ದರೆ ಬೇಜಾರಾಗುವುದು ಸಹಜ. ನಮ್ಮ ಕೋರ್ಸ್‌ಗೆ ಬೆಲೆ ಇಲ್ಲವೇನೋ ಅನ್ನಿಸುತ್ತದೆ. ಆದರೆ ನಾನು ಇಂಟರ್ನ್‌ಗಳನ್ನು ಕಳಿಸಿದವನೂ ಹೌದು, ಬೇರೆ ದೇಶದಿಂದ ಬಂದವರನ್ನು ನಮ್ಮ ಲ್ಯಾಬ್‌ನಲ್ಲಿ ಇಟ್ಟುಕೊಂಡವನೂ ಹೌದು. ಎರಡೂ ಕಡೆ ಕೂತು ನೋಡಿದ ಮೇಲೆ ಹೇಳುತ್ತೇನೆ, ಆ ಮೌನಕ್ಕೂ ನಿಮ್ಮ ಕೋರ್ಸ್‌ನ ಗುಣಮಟ್ಟಕ್ಕೂ ಸಂಬಂಧ ಕಡಿಮೆ. ನಿಮ್ಮ ಪತ್ರ ಬಹುಶಃ ಉತ್ತರ ಕೊಡಬಲ್ಲ ವ್ಯಕ್ತಿಯ ಕೈಗೆ ತಲುಪಿಯೇ ಇಲ್ಲ. ತಲುಪಿದ್ದರೂ ‘ಹೌದು’ ಅನ್ನಲು ಬೇಕಾದ ವಿಷಯ ಅದರಲ್ಲಿ ಇರಲಿಲ್ಲ.

ಒಂದು ಮ್ಯೂಸಿಯಂನ ಸಂರಕ್ಷಣಾ ವಿಭಾಗ ಅಂದರೆ ಹೊರಗಿನವರಿಗೆ ದೊಡ್ಡ ಚಿತ್ರ ಕಣ್ಣಿಗೆ ಬರುತ್ತದೆ. ಒಳಗೆ ಹೋದರೆ ಕಾಗದ ನೋಡುವವರು ಒಬ್ಬರು, ಕಲ್ಲು ಮತ್ತು ಲೋಹಕ್ಕೆ ಒಬ್ಬರು, ಬಟ್ಟೆಗೆ ವಾರದಲ್ಲಿ ಮೂರು ದಿನ ಬರುವ ಒಬ್ಬರು, ಅಷ್ಟೇ ಇರುವುದು ಸಾಮಾನ್ಯ. ಇಂಟರ್ನ್ ಬಂದರೆ ಅವರಲ್ಲೊಬ್ಬರು ಮೊದಲ ಎರಡು ಮೂರು ವಾರ ತಮ್ಮ ಕೆಲಸ ಬಿಟ್ಟು ಕಲಿಸಬೇಕು. ಬೀಗ, ಗುರುತಿನ ಚೀಟಿ, ಸಂಗ್ರಹದ ಕೋಣೆಗೆ ಪ್ರವೇಶ, ಅಗ್ನಿ ಸುರಕ್ಷತೆ, ರಾಸಾಯನಿಕ ಬಳಸುವ ತರಬೇತಿ, ಎಲ್ಲವೂ ಅವರ ತಲೆಗೇ. ಕೈತಪ್ಪಿ ಒಂದು ವಸ್ತು ಒಡೆದರೆ ಉತ್ತರ ಹೇಳಬೇಕಾದವರೂ ಅವರೇ. ಇಂಥವರಿಗೆ ‘ನಿಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ನಮ್ಮ ವಿದ್ಯಾರ್ಥಿಗೆ ಕಲಿಯುವ ಅವಕಾಶ ಕೊಡಿ’ ಅಂತ ಪತ್ರ ಹೋದರೆ, ಅವರಿಗೆ ಕಾಣುವುದು ಹನ್ನೆರಡು ವಾರದ ಹೆಚ್ಚುವರಿ ಹೊರೆ ಮಾತ್ರ. ಏನು ಕೆಲಸ ಕೊಡಬೇಕು, ವೀಸಾ ಯಾರು ನೋಡುತ್ತಾರೆ, ವಿಮೆ ಯಾರದ್ದು ಅಂತ ಎಲ್ಲವನ್ನೂ ಅವರೇ ಯೋಚಿಸಬೇಕು. ಆಮೇಲೆ ನೋಡೋಣ ಅಂತ ಪಕ್ಕಕ್ಕಿಡುತ್ತಾರೆ. ಆ ಆಮೇಲೆ ಬರುವುದೇ ಇಲ್ಲ.

ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಿಂದೆ ಬಂದ ಇಂಟರ್ನ್ ಅರ್ಧ ಕೆಲಸ ಬಿಟ್ಟು ಹೋಗಿರುತ್ತಾರೆ. ತೆಗೆದ ಫೋಟೋಗಳಿಗೆ ಹೆಸರಿಲ್ಲ, ಅಳತೆಗಳು ಯಾರದ್ದೋ ಲ್ಯಾಪ್‌ಟಾಪ್‌ನಲ್ಲಿ, ವರದಿ ‘ಊರಿಗೆ ಹೋಗಿ ಕಳಿಸುತ್ತೇನೆ’ ಅಂದವರು ಕಳಿಸಿಲ್ಲ. ಒಮ್ಮೆ ಹೀಗಾದ ಲ್ಯಾಬ್ ಮುಂದಿನ ಐದು ವರ್ಷ ಯಾರನ್ನೂ ತೆಗೆದುಕೊಳ್ಳುವುದಿಲ್ಲ. ಆ ಅನುಮಾನವನ್ನು ನಿಮ್ಮ ಪತ್ರವೇ ಮೊದಲು ಹೋಗಲಾಡಿಸಬೇಕು.

ಆದ್ದರಿಂದ ಸಂಸ್ಥೆಗಳ ಪಟ್ಟಿ ಮಾಡುವುದನ್ನು ಬಿಡಿ. ವ್ಯಕ್ತಿಗಳ ಪಟ್ಟಿ ಮಾಡಿ. ನಿಮ್ಮ ವಿದ್ಯಾರ್ಥಿನಿ ಮಾಡುವ ಕೆಲಸವನ್ನೇ ಮಾಡುತ್ತಿರುವ, ಆ ಕೆಲಸದಲ್ಲಿ ಇನ್ನೊಂದು ಜೊತೆ ಕೈ ಸಿಕ್ಕರೆ ಉಪಯೋಗವಾಗುವ ಒಬ್ಬ ಮೇಲ್ವಿಚಾರಕರು ಸಿಕ್ಕರೆ ಮುಕ್ಕಾಲು ಪಾಲು ಮುಗಿಯಿತು. ಸಂಸ್ಥೆ ಅವರ ಹಿಂದೆ ಬರುತ್ತದೆ.

ಅಂಥವರು ಎಲ್ಲಿ ಸಿಗುತ್ತಾರೆ?

ಅವರು ಬರೆದ ಕಡೆ ಸಿಗುತ್ತಾರೆ. ಮ್ಯೂಸಿಯಂಗಳ ಅಂತರರಾಷ್ಟ್ರೀಯ ಮಂಡಳಿ ಐಕಾಮ್‌ನ ಸಂರಕ್ಷಣಾ ಸಮಿತಿ ಮೂರು ವರ್ಷಕ್ಕೊಮ್ಮೆ ದೊಡ್ಡ ಸಮ್ಮೇಳನ ನಡೆಸುತ್ತದೆ. 2023ರದ್ದು ಸ್ಪೇನಿನ ವೆಲೆನ್ಸಿಯಾದಲ್ಲಿ ನಡೆಯಿತು. ಅದರ ಕಾರ್ಯಗುಂಪುಗಳು ಚಿತ್ರ, ಜವಳಿ, ಲೋಹ, ಮರ, ಫೋಟೋ ಅಂತ ವಸ್ತುವಾರು ಇವೆ. ಕಟ್ಟಡ ಮತ್ತು ತಾಣಗಳ ಕಡೆಗೆ ಬಂದರೆ, 1965ರಲ್ಲಿ ಶುರುವಾದ, ಸ್ಮಾರಕ ಮತ್ತು ತಾಣಗಳ ಅಂತರರಾಷ್ಟ್ರೀಯ ಮಂಡಳಿ ಐಕೋಮಾಸ್‌ಗೆ ಕಲ್ಲು, ಮರ, ಮಣ್ಣಿನ ಕಟ್ಟಡ, ಕಟ್ಟಡಗಳ ರಚನಾ ವಿಶ್ಲೇಷಣೆ ಹೀಗೆ ವಿಷಯವಾರು ಅಂತರರಾಷ್ಟ್ರೀಯ ವೈಜ್ಞಾನಿಕ ಸಮಿತಿಗಳಿವೆ. ಅಳತೆ, ಫೋಟೋಗ್ರಾಮೆಟ್ರಿ (ಫೋಟೋಗಳಿಂದ ಅಳತೆ ತೆಗೆಯುವುದು), ಲೇಸರ್ ಸ್ಕ್ಯಾನಿಂಗ್ ಮಾಡುವವರಿಗೆ ಸಿಪಾ ಅನ್ನುವ ಸಮಿತಿ ಇದೆ. ಪ್ರಬಂಧದಲ್ಲಿ ಮೊದಲ ಹೆಸರಿನವರು ದೊಡ್ಡವರಾಗಿದ್ದರೆ ಅವರನ್ನು ಬಿಡಿ. ಎರಡನೆಯ, ಮೂರನೆಯ ಹೆಸರು ನೋಡಿ. ಲ್ಯಾಬ್‌ನಲ್ಲಿ ನಿಜವಾಗಿ ಮಾದರಿ ಕೊರೆದವರು, ಅಳತೆ ತೆಗೆದವರು ಅವರೇ ಆಗಿರುವ ಸಾಧ್ಯತೆ ಜಾಸ್ತಿ. ಅವರು ಇಮೇಲ್‌ಗೂ ಬೇಗ ಉತ್ತರ ಕೊಡುತ್ತಾರೆ.

ಈಗ ನಡೆಯುತ್ತಿರುವ ಕೆಲಸಗಳನ್ನು ಹಿಡಿದು ಹೋಗುವುದು ಇನ್ನೊಂದು ದಾರಿ. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಎರಡು ವರ್ಷಕ್ಕೊಮ್ಮೆ ಅಪಾಯದಲ್ಲಿರುವ ತಾಣಗಳ ಪಟ್ಟಿ ಹೊರಡಿಸುತ್ತದೆ. ಅಲ್ಲಿ ಯಾವ ತಾಣದಲ್ಲಿ ಯಾರ ಜೊತೆ ಕೆಲಸ ನಡೆಯುತ್ತಿದೆ ಅಂತ ತಿಳಿಯುತ್ತದೆ. ಮಣ್ಣಿನ ಕಟ್ಟಡದ ಆಸಕ್ತಿ ಇದ್ದರೆ 1979ರಲ್ಲಿ ಫ್ರಾನ್ಸಿನ ಗ್ರೆನೊಬ್ಲ್‌ನಲ್ಲಿ ಶುರುವಾದ ಕ್ರಾಟೆರ್ ಅನ್ನುವ ಸಂಸ್ಥೆಯ ಪ್ರಾಜೆಕ್ಟ್‌ಗಳನ್ನು ನೋಡಿ. ನೇರವಾಗಿ ಅವರೇ ತೆಗೆದುಕೊಳ್ಳದಿದ್ದರೂ ಅವರ ಜೊತೆ ಕೆಲಸ ಮಾಡಿದ ಸಣ್ಣ ಸಣ್ಣ ತಂಡಗಳ ಹೆಸರು ಸಿಗುತ್ತದೆ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಇಂಥ ಎರಡನೆಯ ಸುತ್ತಿನ ಹೆಸರುಗಳೇ.

ದೊಡ್ಡ ಹೆಸರಿನ ಹಂಬಲದ ಬಗ್ಗೆ ಒಂದು ಮಾತು. ರೋಮ್‌ನಲ್ಲಿರುವ ಪರಂಪರೆ ಸಂರಕ್ಷಣೆಯ ಅಂತರರಾಷ್ಟ್ರೀಯ ಕೇಂದ್ರ ಇಕ್ರಾಮ್ ಅನ್ನೇ ತೆಗೆದುಕೊಳ್ಳಿ. 1956ರಲ್ಲಿ ಯುನೆಸ್ಕೋ ಸಭೆಯ ತೀರ್ಮಾನದಿಂದ ಹುಟ್ಟಿ, 1959ರಿಂದ ಕೆಲಸ ಮಾಡುತ್ತಿರುವ ಸರ್ಕಾರಗಳ ಒಕ್ಕೂಟದ ಸಂಸ್ಥೆ ಅದು. ಅಲ್ಲಿ ಇಂಟರ್ನ್‌ಶಿಪ್ ಇದೆ. ಆದರೆ ಅಲ್ಲಿನ ಮುಖ್ಯ ಕೆಲಸ ತರಬೇತಿ ಕಾರ್ಯಕ್ರಮ, ನೀತಿ, ಗ್ರಂಥಾಲಯ, ಸದಸ್ಯ ದೇಶಗಳ ಜೊತೆಗಿನ ವ್ಯವಹಾರ. ಕೈಯಲ್ಲಿ ಕರಣೆ ಹಿಡಿಯಬೇಕು ಅನ್ನುವ ವಿದ್ಯಾರ್ಥಿಗೆ ಅದು ಸರಿಯಾದ ಜಾಗ ಅಲ್ಲ. ನೀತಿ, ಸಂಶೋಧನೆ ಇಷ್ಟಪಡುವವರಿಗೆ ಒಳ್ಳೆಯ ಜಾಗ. ಲಾಸ್ ಏಂಜಲಿಸ್‌ನ ಗೆಟ್ಟಿ ಕಲಾ ಸಂಸ್ಥೆಯ ಪದವೀಧರ ಇಂಟರ್ನ್‌ಶಿಪ್‌ಗೆ ಬೇರೆ ದೇಶದವರೂ ಅರ್ಜಿ ಹಾಕಬಹುದು, ಸ್ಟೈಪೆಂಡ್ ಕೂಡ ಕೊಡುತ್ತಾರೆ. ಆದರೆ ಅದು ನಿಮ್ಮ ಹನ್ನೆರಡು ವಾರದ ಚೌಕಟ್ಟಿಗೆ ಹೊಂದುವುದಿಲ್ಲ. ಅರ್ಜಿ ತಿಂಗಳುಗಟ್ಟಲೆ ಮೊದಲೇ ಹೋಗಬೇಕು, ಸ್ಪರ್ಧೆಯೂ ಜೋರು. ಇಂಥವುಗಳಿಗೆ ವಿದ್ಯಾರ್ಥಿಗಳು ತಾವಾಗಿ ಅರ್ಜಿ ಹಾಕಲಿ, ನೀವು ಪ್ರೋತ್ಸಾಹಿಸಿ. ಕೋರ್ಸ್‌ನ ಕಡ್ಡಾಯ ತರಬೇತಿಯನ್ನು ಮಾತ್ರ ಅವುಗಳ ಮೇಲೆ ನಿಲ್ಲಿಸಬೇಡಿ.

ಸಣ್ಣ ಸಂಸ್ಥೆಯಲ್ಲಿ ಕಲಿಕೆ ಕಡಿಮೆ ಅನ್ನುವುದು ತಪ್ಪು ಕಲ್ಪನೆ. ದೊಡ್ಡ ಮ್ಯೂಸಿಯಂನಲ್ಲಿ ಹೊಸಬರ ಕೈಗೆ ಮುಖ್ಯ ವಸ್ತು ಕೊಡುವುದೇ ಇಲ್ಲ, ಕೊಡಬಾರದು ಕೂಡ. ಜಿಲ್ಲಾ ಮಟ್ಟದ ಸಂಗ್ರಹಾಲಯದಲ್ಲೋ, ಒಂದು ನಗರದ ಪರಂಪರೆ ಕಚೇರಿಯಲ್ಲೋ ಇಂಟರ್ನ್ ಮೂರನೆಯ ವಾರಕ್ಕೇ ಸಭೆಯಲ್ಲಿ ಕೂತಿರುತ್ತಾರೆ. ಗುತ್ತಿಗೆದಾರರ ಜೊತೆ ಜಗಳ, ಬಜೆಟ್ ಕಡಿತ, ಮಳೆಗಾಲಕ್ಕೆ ಮೊದಲು ಯಾವ ಸೋರಿಕೆ ಸರಿ ಮಾಡಬೇಕು ಅನ್ನುವ ತೀರ್ಮಾನ, ಎಲ್ಲವನ್ನೂ ಎದುರಿಗೇ ನೋಡುತ್ತಾರೆ. ವೃತ್ತಿ ಅಂದರೆ ಇದೇ ಅಲ್ವಾ?

ಕೆಲಸವನ್ನು ನೀವೇ ಬರೆದು ಕೊಡಿ

ಪತ್ರದ ಹೃದಯ ಇಲ್ಲಿದೆ. ಹನ್ನೆರಡು ವಾರದಲ್ಲಿ ಶುರುವಾಗಿ ಮುಗಿಯುವ, ಮುಗಿದ ಮೇಲೆ ಆತಿಥೇಯರ ಕಪಾಟಿನಲ್ಲಿ ಉಳಿಯುವ ಒಂದು ಕೆಲಸ ಬೇಕು. ಪ್ರತಿ ಸಂಸ್ಥೆಯಲ್ಲೂ ‘ಯಾರಾದರೂ ಕೂತು ಮಾಡಿದರೆ ಚೆನ್ನಾಗಿತ್ತು’ ಅನ್ನುವ ಬಾಕಿ ಕೆಲಸಗಳ ರಾಶಿ ಇರುತ್ತದೆ. ಎರಡು ವರ್ಷದ ತಾಪಮಾನ ಮತ್ತು ಆರ್ದ್ರತೆಯ ದಾಖಲೆ ಡೇಟಾ ಲಾಗರ್‌ನಲ್ಲಿ ತುಂಬಿರುತ್ತದೆ, ಯಾರೂ ವಿಶ್ಲೇಷಿಸಿರುವುದಿಲ್ಲ. ಗಾಜಿನ ನೆಗೆಟಿವ್‌ಗಳ ಒಂದು ಪೆಟ್ಟಿಗೆ ಸ್ಥಿತಿ ಪರಿಶೀಲನೆ ಆಗದೆ ಕೂತಿರುತ್ತದೆ. ಹಳೆಯ ದುರಸ್ತಿ ದಾಖಲೆಗಳು ಕೈಬರಹದಲ್ಲಿವೆ, ಯಾವ ಕಂಬಕ್ಕೆ ಯಾವ ಅಂಟು ಹಾಕಿದರು ಅಂತ ಹುಡುಕಲು ಆಗುವುದಿಲ್ಲ. ಇಂಥದ್ದನ್ನು ಹೆಸರಿಸಿ ಕೇಳಿದರೆ ಮೇಲ್ವಿಚಾರಕರ ಕಿವಿ ನೆಟ್ಟಗಾಗುತ್ತದೆ.

ಅಮೆರಿಕದ ಹಿಸ್ಟಾರಿಕ್ ಅಮೆರಿಕನ್ ಬಿಲ್ಡಿಂಗ್ಸ್ ಸರ್ವೇ, ಅಂದರೆ ಹ್ಯಾಬ್ಸ್, ಇದಕ್ಕೆ ಒಳ್ಳೆಯ ಮಾದರಿ. 1933ರಲ್ಲಿ, ಕೆಲಸವಿಲ್ಲದೆ ಕೂತಿದ್ದ ವಾಸ್ತುಶಿಲ್ಪಿಗಳಿಗೆ ಕೆಲಸ ಕೊಡಲು ಶುರುವಾದದ್ದು. ಬೇಸಿಗೆಯಲ್ಲಿ ವಿದ್ಯಾರ್ಥಿಗಳ ತಂಡ ಒಂದು ಕಟ್ಟಡಕ್ಕೆ ಹೋಗಿ ಅಳತೆ ನಕ್ಷೆ ಮಾಡುತ್ತದೆ. ನಕ್ಷೆಗಳು ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಸೇರುತ್ತವೆ. ಹೊರದೇಶದ ಇಂಟರ್ನ್‌ಗಳೂ ಇಂಥ ತಂಡಗಳಲ್ಲಿ ಕೆಲಸ ಮಾಡಿದ್ದಾರೆ. ಇಲ್ಲಿ ಏನು ಮಾಡಬೇಕು, ಯಾವ ಗುಣಮಟ್ಟದಲ್ಲಿ, ಯಾವಾಗ ಮುಗಿಯಬೇಕು, ಮುಗಿದದ್ದು ಎಲ್ಲಿಗೆ ಹೋಗಬೇಕು ಎಲ್ಲ ಮೊದಲೇ ಗೊತ್ತು. ಅದಕ್ಕೇ ದಶಕಗಳ ಕಾಲ ನಡೆದಿದೆ. ದಾಖಲೀಕರಣದ ಕೆಲಸಕ್ಕೆ ಆತಿಥೇಯರು ಬೇಗ ಒಪ್ಪಲು ಇನ್ನೊಂದು ಕಾರಣವೂ ಇದೆ: ಅದರಲ್ಲಿ ಮೂಲ ವಸ್ತುವಿಗೆ ಹಾನಿಯಾಗುವ ಅಪಾಯ ಕಡಿಮೆ.

ನಿಮ್ಮ ಸುಣ್ಣದ ವಿದ್ಯಾರ್ಥಿನಿಗೇ ಇದನ್ನು ಹೊಂದಿಸಿ ನೋಡೋಣ. ‘ಸುಣ್ಣದ ಗಾರೆ ಕಲಿಯಲು ಬರುತ್ತಾಳೆ’ ಅಂತ ಬರೆದರೆ ಯಾರಿಗೂ ಏನೂ ಹೊಳೆಯುವುದಿಲ್ಲ. ಹೊಸ ಗಾರೆ ಮಾಡಿ ಅದರ ಬಲ ಪರೀಕ್ಷಿಸುತ್ತೇವೆ ಅಂದರೂ ಕಷ್ಟ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನಕ್ಕೆ ಗಟ್ಟಿಯಾಗುವ ವಸ್ತು. ತಿಂಗಳುಗಳು ಬೇಕು. ಹತ್ತು ವಾರದಲ್ಲಿ ಸಿಗುವ ಅಂಕಿ ಅರ್ಧ ಸತ್ಯ. ಅದರ ಬದಲು ಒಂದು ಕಟ್ಟಡದ ಬೇರೆ ಬೇರೆ ಕಾಲದ ಹಳೆಯ ಗಾರೆಗಳನ್ನು ಹೋಲಿಸುವ ಕೆಲಸ ಕೇಳಿ. ಆಮ್ಲದಲ್ಲಿ ಸುಣ್ಣ ಕರಗಿಸಿ, ಉಳಿದ ಮರಳನ್ನು ಜರಡಿ ಹಿಡಿದು ಕಣದ ಗಾತ್ರ ನೋಡುವುದು, ತೆಳು ಸೀಳು (ಬೆಳಕು ಹಾಯುವಷ್ಟು ತೆಳ್ಳಗಿನ ಗಾರೆಯ ಬಿಲ್ಲೆ) ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡುವುದು, ಕೊನೆಗೆ ದುರಸ್ತಿಗೆ ಯಾವ ಮಿಶ್ರಣ ಹತ್ತಿರ ಅಂತ ಒಂದು ವರದಿ. ಮರಳಿನಲ್ಲಿ ಸುಣ್ಣಕಲ್ಲಿನ ಚೂರು, ಚಿಪ್ಪಿನ ಪುಡಿ ಇದ್ದರೆ ಆಮ್ಲ ಅದನ್ನೂ ಕರಗಿಸಿ ಲೆಕ್ಕ ತಪ್ಪಿಸುತ್ತದೆ. ಆದ್ದರಿಂದ ತೆಳು ಸೀಳು ಮೊದಲು ಅಂತ ಪತ್ರದಲ್ಲೇ ಒಂದು ಸಾಲು ಸೇರಿಸಿದರೆ, ಓದುವವರಿಗೆ ಈ ಹುಡುಗಿಗೆ ಕೆಲಸ ಗೊತ್ತು ಅಂತ ತಕ್ಷಣ ತಿಳಿಯುತ್ತದೆ. ಹತ್ತು ಪ್ರಮಾಣಪತ್ರಕ್ಕಿಂತ ಆ ಒಂದು ಸಾಲಿಗೆ ತೂಕ ಜಾಸ್ತಿ.

ಪತ್ರ ಒಂದು ಪುಟ ಮೀರಬಾರದು. ನಾನು ಬರೆಯುವುದು ಹೆಚ್ಚು ಕಡಿಮೆ ಹೀಗೆ: ‘ನಿಮ್ಮ ತಂಡ ಆ ಕೋಟೆಯ ಗಾರೆಯ ಬಗ್ಗೆ ಬರೆದ ಪ್ರಬಂಧ ಓದಿದೆವು. ದಕ್ಷಿಣ ಗೋಡೆಯ ಮಾದರಿಗಳ ವಿಶ್ಲೇಷಣೆ ಬಾಕಿ ಇದೆ ಅಂತ ಅದರಲ್ಲಿದೆ. ನಮ್ಮ ವಿದ್ಯಾರ್ಥಿನಿ ಜರಡಿ ವಿಶ್ಲೇಷಣೆ ಮತ್ತು ತೆಳು ಸೀಳು ಪರೀಕ್ಷೆ ಸ್ವತಂತ್ರವಾಗಿ ಮಾಡಬಲ್ಲಳು, ಅವಳ ಹಿಂದಿನ ವರದಿ ಲಗತ್ತಿಸಿದ್ದೇವೆ. ಮೊದಲ ಎರಡು ವಾರ ದಿನಕ್ಕೆ ಒಂದು ಗಂಟೆ, ಆಮೇಲೆ ವಾರಕ್ಕೆ ಎರಡು ಗಂಟೆ ನಿಮ್ಮ ಸಮಯ ಬೇಕಾಗಬಹುದು. ಪ್ರಯಾಣ ಮತ್ತು ವಿಮೆ ನಮ್ಮದು. ಅವಳು ಅಲ್ಲಿಂದ ಹೊರಡುವುದಕ್ಕೆ ಒಂದು ವಾರ ಮೊದಲೇ ವರದಿಯ ಕರಡು ನಿಮ್ಮ ಕೈಯಲ್ಲಿರುತ್ತದೆ. ಇಪ್ಪತ್ತು ನಿಮಿಷ ಮಾತಾಡಲು ಆದೀತೇ?’ ಕೊನೆಯಲ್ಲಿ ಕೇಳಿದ್ದು ಇಪ್ಪತ್ತು ನಿಮಿಷ ಮಾತ್ರ, ಗಮನಿಸಿ. ಜಾಗ ಕೊಡಿ ಅಂತ ಮೊದಲ ಪತ್ರದಲ್ಲಿ ಕೇಳಲೇಬೇಡಿ.

ಮೇಲ್ವಿಚಾರಣೆಯ ಗಂಟೆಗಳನ್ನು ಕಡಿಮೆ ಮಾಡಿ ಬರೆಯುವ ಆಸೆ ಬರುತ್ತದೆ. ಬೇಡ. ‘ಸಮಯವೇ ಬೇಡ, ತಾನೇ ನೋಡಿಕೊಳ್ಳುತ್ತಾಳೆ’ ಅಂದರೆ ಅನುಭವಿಗಳು ನಗುತ್ತಾರೆ.

ಸಂಬಳ ಬೇಡ ಅಂದರೆ?

ನಿಮ್ಮ ಸಹೋದ್ಯೋಗಿಯ ಸಲಹೆ ಹಳೆಯ ಕಾಲದ್ದು. ಬಿಟ್ಟಿ ಇಂಟರ್ನ್ ಕೂಡ ಆತಿಥೇಯರಿಗೆ ಬಿಟ್ಟಿ ಅಲ್ಲ, ಮೇಲ್ವಿಚಾರಕರ ಸಮಯ ಹೋಗುತ್ತದೆ ಅಂತ ಈಗಾಗಲೇ ಹೇಳಿದೆ. ಅದಕ್ಕಿಂತ ದೊಡ್ಡ ತೊಡಕು ಕಾನೂನಿನದ್ದು. ಫ್ರಾನ್ಸ್‌ನಲ್ಲಿ ಇಂಟರ್ನ್‌ಶಿಪ್ ಎರಡು ತಿಂಗಳು ಮೀರಿದರೆ ಭತ್ಯೆ ಕೊಡುವುದು ಕಡ್ಡಾಯ. ಜೊತೆಗೆ ಕಾಲೇಜು, ವಿದ್ಯಾರ್ಥಿ, ಸಂಸ್ಥೆ ಮೂವರೂ ಸಹಿ ಹಾಕಿದ ಒಪ್ಪಂದ ಬೇಕು. ಬ್ರಿಟನ್‌ನಲ್ಲಿ ಕೆಲಸಗಾರರಂತೆ ದುಡಿಯುವ ಇಂಟರ್ನ್‌ಗೆ ಕನಿಷ್ಠ ವೇತನ ಕೊಡಬೇಕು. ಅಲ್ಲಿನದೇ ಕೋರ್ಸ್‌ನ ಭಾಗವಾದ ತರಬೇತಿಗೆ ವಿನಾಯಿತಿ ಇದೆ, ಹೊರಗಿನ ಕೋರ್ಸ್‌ನವರು ಅದನ್ನು ನೆಚ್ಚಿಕೊಳ್ಳುವ ಮೊದಲು ಆತಿಥೇಯರ ಸಿಬ್ಬಂದಿ ವಿಭಾಗದಿಂದ ಲಿಖಿತ ಒಪ್ಪಿಗೆ ಪಡೆಯಬೇಕು. ಅಮೆರಿಕದ ಕಲಾ ಮ್ಯೂಸಿಯಂ ನಿರ್ದೇಶಕರ ಸಂಘ 2019ರಲ್ಲಿ ಇಂಟರ್ನ್‌ಗಳಿಗೆ ಹಣ ಕೊಡಿ ಅಂತ ತನ್ನ ಸದಸ್ಯರಿಗೆ ನಿರ್ಣಯದ ಮೂಲಕವೇ ಹೇಳಿತು. ಹೀಗಿರುವಾಗ ‘ಸಂಬಳ ಬೇಡ’ ಅನ್ನುವ ಪತ್ರ ಓದಿ ಅನೇಕರಿಗೆ ಗಾಬರಿಯೇ ಆಗುತ್ತದೆ.

ಇನ್ನೊಂದು ವಿಷಯ ನನ್ನ ಸ್ವಂತ ಅಭಿಪ್ರಾಯ. ಮೂರು ತಿಂಗಳು ವಿದೇಶದಲ್ಲಿ ಸ್ವಂತ ಖರ್ಚಲ್ಲಿ ಇರಬಲ್ಲವರು ಉಳ್ಳವರ ಮಕ್ಕಳು. ಬಿಟ್ಟಿ ಇಂಟರ್ನ್‌ಶಿಪ್ ಮೇಲೆ ನಿಂತ ಕೋರ್ಸ್, ಗೊತ್ತಿಲ್ಲದೆಯೇ ಯಾರು ಈ ವೃತ್ತಿಗೆ ಬರಬೇಕು ಅಂತ ಆರಿಸುತ್ತಿರುತ್ತದೆ. ಹಾಗಾಗಿ ಹಣದ ಮಾತನ್ನು ಮೊದಲೇ ತೆರೆದಿಡಿ. ಆತಿಥೇಯರ ಬಳಿ ಸ್ಟೈಪೆಂಡ್ ಇಲ್ಲದಿದ್ದರೆ ಉಳಿಯಲು ಕೋಣೆ ಕೊಡಬಹುದಾ ಅಂತ ಕೇಳಿ. ತಾಣಗಳಲ್ಲಿ ಅತಿಥಿಗೃಹ ಇರುವುದು ಸಾಮಾನ್ಯ, ನಗದಿಗಿಂತ ಕೋಣೆ ಕೊಡುವುದು ಅವರಿಗೂ ಸುಲಭ.

ವೀಸಾವನ್ನು ಕೊನೆಗೆ ಬಿಡಬೇಡಿ

ಕಳೆದ ವರ್ಷ ನಿಮಗೆ ಆದದ್ದು ಇಲ್ಲೇ. ‘ಒಪ್ಪಿಗೆ ಸಿಕ್ಕರೆ ವೀಸಾ ತಾನಾಗಿ ಆಗುತ್ತದೆ’ ಅಂತ ಆತಿಥೇಯರೂ ನಂಬಿರುತ್ತಾರೆ. ಅವರಲ್ಲಿ ಹಲವರು ಹೊರದೇಶದವರನ್ನು ಹಿಂದೆ ತೆಗೆದುಕೊಂಡಿರುವುದಿಲ್ಲ.

ಅಮೆರಿಕಕ್ಕೆ ಇಂಟರ್ನ್ ಆಗಿ ಹೋಗುವವರಿಗೆ ಸಾಮಾನ್ಯವಾಗಿ ಜೆ-1 ವೀಸಾ. ಅದರ ಇಂಟರ್ನ್ ವರ್ಗಕ್ಕೆ ಅಮೆರಿಕದ ಹೊರಗೆ ಓದುತ್ತಿರುವವರು, ಅಥವಾ ಓದು ಮುಗಿದು 12 ತಿಂಗಳು ಮೀರದವರು ಅರ್ಹರು. ಆತಿಥೇಯ ಮ್ಯೂಸಿಯಂ ಒಪ್ಪಿದರಷ್ಟೇ ಸಾಲದು, ಅಲ್ಲಿನ ವಿದೇಶಾಂಗ ಇಲಾಖೆ ಮಾನ್ಯ ಮಾಡಿದ ಸ್ಪಾನ್ಸರ್ ಬೇಕು. ವೀಸಾ ಅರ್ಜಿಗೆ ಬೇಕಾದ ಡಿಎಸ್-2019 ಪತ್ರವನ್ನು ಸ್ಪಾನ್ಸರ್ ಕೊಡುವ ಮೊದಲು ಡಿಎಸ್-7002 ಅನ್ನುವ ತರಬೇತಿ ಯೋಜನೆಗೆ ಮೇಲ್ವಿಚಾರಕರ ಸಹಿ ಆಗಬೇಕು. ಯಾವ ಹಂತದಲ್ಲಿ ಏನು ಕಲಿಸುತ್ತಾರೆ ಅಂತ ಅದರಲ್ಲಿ ಬರೆಯಬೇಕು. ಕಚೇರಿ ಗುಮಾಸ್ತಿಕೆ ಕೆಲಸ ಶೇ. 20 ಮೀರುವಂತಿಲ್ಲ, ವಾರಕ್ಕೆ ಕನಿಷ್ಠ 32 ಗಂಟೆಯ ಕೆಲಸ ಇರಬೇಕು, ಆರೋಗ್ಯ ವಿಮೆ ಕಡ್ಡಾಯ. ನೋಡಿ, ನೀವು ಕೆಲಸವನ್ನು ಮೊದಲೇ ಬರೆದು ಕೊಟ್ಟಿದ್ದರೆ ಈ ನಮೂನೆಯ ಅರ್ಧ ತುಂಬಿದ ಹಾಗೆಯೇ.

ಯುರೋಪಿಯನ್ ಒಕ್ಕೂಟದ ಹೆಚ್ಚಿನ ದೇಶಗಳಲ್ಲಿ 90 ದಿನ ಮೀರಿದ ತರಬೇತಿಗೆ 2016/801 ಅನ್ನುವ ನಿರ್ದೇಶನ ನಡೆಯುತ್ತದೆ, ಅದಕ್ಕಿಂತ ಕಡಿಮೆ ಅವಧಿಗೆ ಆಯಾ ದೇಶದ ನಿಯಮ ನೋಡಬೇಕು. ಡೆನ್ಮಾರ್ಕ್ ಮತ್ತು ಐರ್ಲೆಂಡ್ ಅದರಿಂದ ಹೊರಗಿವೆ. ಅದರ ಪ್ರಕಾರ ತರಬೇತಿಗೆ ಬರುವವರು ಉನ್ನತ ಶಿಕ್ಷಣದಲ್ಲಿ ಓದುತ್ತಿರಬೇಕು, ಇಲ್ಲವೇ ಅರ್ಜಿಗೆ ಹಿಂದಿನ ಎರಡು ವರ್ಷದೊಳಗೆ ಪದವಿ ಪಡೆದಿರಬೇಕು. ತರಬೇತಿ ಒಪ್ಪಂದದಲ್ಲಿ ಕಾರ್ಯಕ್ರಮ, ಅವಧಿ, ಮೇಲ್ವಿಚಾರಣೆ, ಕೆಲಸದ ಗಂಟೆ ಸ್ಪಷ್ಟವಾಗಿರಬೇಕು. ತೀರ್ಮಾನಕ್ಕೆ ಅಧಿಕಾರಿಗಳು 90 ದಿನದವರೆಗೂ ತೆಗೆದುಕೊಳ್ಳಬಹುದು. ಬ್ರಿಟನ್‌ನಲ್ಲಿ ಗವರ್ನಮೆಂಟ್ ಆಥರೈಸ್ಡ್ ಎಕ್ಸ್‌ಚೇಂಜ್ ಅನ್ನುವ ವೀಸಾ ಇದೆ, ಅದಕ್ಕೂ ಮಾನ್ಯತೆ ಪಡೆದ ಸ್ಪಾನ್ಸರ್ ಬೇಕು. ನಿಯಮಗಳು ಆಗಾಗ ಬದಲಾಗುತ್ತವೆ, ಅರ್ಜಿಯ ಹೊತ್ತಿಗೆ ಆಯಾ ದೇಶದ ಅಧಿಕೃತ ಪುಟವನ್ನೇ ನೋಡಿ.

‘ಹತ್ತೇ ವಾರ ಅಲ್ವಾ, ಪ್ರವಾಸಿ ವೀಸಾದಲ್ಲಿ ಹೋಗಿ ಬರಲಿ’ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ದಯವಿಟ್ಟು ಕೇಳಬೇಡಿ. ಗಡಿಯಲ್ಲೇ ವಾಪಸ್ ಕಳಿಸಬಹುದು, ಮುಂದಿನ ವೀಸಾಗಳಿಗೂ ಅದು ಕಪ್ಪುಚುಕ್ಕೆ. ಅಟ್ಟಣಿಗೆಯಿಂದ ಬಿದ್ದರೆ ವಿಮಾ ಕಂಪನಿ ಮೊದಲು ಕೇಳುವುದು ಯಾವ ವೀಸಾದಲ್ಲಿ ಕೆಲಸ ಮಾಡುತ್ತಿದ್ದರು ಅಂತ.

ಇನ್ನು ಎಂಒಯು. ಒಬ್ಬ ವಿದ್ಯಾರ್ಥಿಗೆ ಅದು ಬೇಕಿಲ್ಲ. ಎರಡೂ ಕಡೆಯ ವಕೀಲರ ಕೈಗೆ ಹೋದರೆ ತಿಂಗಳುಗಟ್ಟಲೆ ಅಲ್ಲೇ ಕೂರುತ್ತದೆ. ಮೂವರು ಸಹಿ ಹಾಕಿದ ಸರಳ ತರಬೇತಿ ಒಪ್ಪಂದ ಸಾಕು. ಇಬ್ಬರು ಮೂವರು ಚೆನ್ನಾಗಿ ಕೆಲಸ ಮಾಡಿ ಬಂದ ಮೇಲೆ ಎಂಒಯು ಬೇಕಾದರೆ ಅವರೇ ಕೇಳುತ್ತಾರೆ.

ಯಾವ ಬಗೆಯ ಆತಿಥೇಯರು, ಏನು ಅಪಾಯ

ವಿಶ್ವವಿದ್ಯಾಲಯದ ಲ್ಯಾಬ್ ನನ್ನ ಮೊದಲ ಆಯ್ಕೆ. ಅಲ್ಲಿ ವಿದೇಶಿ ವಿದ್ಯಾರ್ಥಿಗಳ ಕಚೇರಿ ಇರುತ್ತದೆ, ವೀಸಾ ಪತ್ರ ಅವರಿಗೆ ಹೊಸದಲ್ಲ, ಸುರಕ್ಷತಾ ತರಬೇತಿ ಕ್ರಮಬದ್ಧ. ತೊಂದರೆ ಅಂದರೆ ಕೆಲಸ ಸಂಶೋಧನೆಯ ಕಡೆಗೆ ವಾಲುತ್ತದೆ, ತಾಣದ ಧೂಳು ಕಡಿಮೆ. ಕೆಲವು ಕಡೆ ಲ್ಯಾಬ್ ಬಳಕೆಗೆ ಶುಲ್ಕ ಕೇಳುತ್ತಾರೆ, ಮೊದಲೇ ವಿಚಾರಿಸಿ.

ಖಾಸಗಿ ಸಂರಕ್ಷಣಾ ಸ್ಟುಡಿಯೋ ಇದಕ್ಕೆ ಪೂರ್ತಿ ವಿರುದ್ಧ. ಕೈಕೆಲಸ ಭರ್ಜರಿಯಾಗಿ ಸಿಗುತ್ತದೆ. ಆದರೆ ಹೊರದೇಶದವರನ್ನು ಕರೆಸಲು ಬೇಕಾದ ಮಾನ್ಯತೆ ಹೆಚ್ಚಿನವರಿಗೆ ಇರುವುದಿಲ್ಲ. ಗ್ರಾಹಕರ ಗಡುವು ಬಂದಾಗ ಇಂಟರ್ನ್ ಕೂಲಿಯಾಗಿಬಿಡುವುದೂ ಉಂಟು. ತಾಣದ ಯೋಜನೆಗಳಲ್ಲಿ ಋತುವಿನ ಕಟ್ಟು ಇದೆ. ಚಳಿ ದೇಶಗಳಲ್ಲಿ ಹಿಮ ಬೀಳುವ ತಿಂಗಳುಗಳಲ್ಲಿ ಹಸಿ ಸುಣ್ಣದ ಕೆಲಸ ನಿಲ್ಲಿಸುತ್ತಾರೆ, ನೀರು ಹೆಪ್ಪುಗಟ್ಟಿದರೆ ಗಾರೆ ಒಡೆಯುತ್ತದೆ. ನಿಮ್ಮ ಸೆಮಿಸ್ಟರ್ ಅದೇ ಹೊತ್ತಿಗೆ ಬಂದರೆ ವಿದ್ಯಾರ್ಥಿನಿ ನೋಡುವುದು ಮುಚ್ಚಿದ ಅಟ್ಟಣಿಗೆಯನ್ನು.

ವಿನಿಮಯ ಸಂಸ್ಥೆಗಳ ಮೂಲಕ ಹೋಗುವುದನ್ನೂ ಯೋಚಿಸಿ. ಅಮೆರಿಕದ ಐಕೋಮಾಸ್ ಸಮಿತಿ 1980ರ ದಶಕದಿಂದ ಬೇಸಿಗೆಯ ಇಂಟರ್ನ್ ವಿನಿಮಯ ನಡೆಸಿದೆ. ಪ್ರತಿ ವರ್ಷ ಎಷ್ಟು ಜಾಗ ಅನ್ನುವುದು ಹಣದ ಮೇಲೆ ನಿಂತಿರುತ್ತದೆ, ಅದೊಂದನ್ನೇ ನಂಬಬೇಡಿ. 1948ರಲ್ಲಿ ಹುಟ್ಟಿದ ಐಎಇಎಸ್‌ಟಿಇ ತಾಂತ್ರಿಕ ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ವಿನಿಮಯ ಸಂಸ್ಥೆ. ವಾಸ್ತುಶಿಲ್ಪ, ಸಿವಿಲ್, ರಸಾಯನಶಾಸ್ತ್ರದ ಹಿನ್ನೆಲೆಯವರಿಗೆ ದಾರಿ ಇದೆ. ಅದರ ಲೆಕ್ಕ ಸರಳ. ನಿಮ್ಮ ದೇಶದಲ್ಲಿ ಎಷ್ಟು ಜಾಗ ತೋರಿಸುತ್ತೀರೋ ಅಷ್ಟು ಜಾಗ ಹೊರಗೆ ಸಿಗುತ್ತದೆ. ಕೊಟ್ಟು ತೆಗೆದುಕೊಳ್ಳುವ ಈ ಲೆಕ್ಕ ಆ ಸಂಸ್ಥೆಯ ಹೊರಗೂ ನಡೆಯುತ್ತದೆ. ನಿಮ್ಮ ವಿಭಾಗದಲ್ಲೇ ಹೊರಗಿನ ಒಬ್ಬ ಇಂಟರ್ನ್‌ಗೆ ಜಾಗ, ಗೈಡ್, ಒಳ್ಳೆಯ ಕೆಲಸ ಸಿದ್ಧ ಮಾಡಿ. ನಿಮ್ಮ ಪತ್ರದ ಕೊನೆಗೆ ‘ನಿಮ್ಮವರನ್ನೂ ಕಳಿಸಿ’ ಅಂತ ಸೇರಿಸಿ. ಆಗ ನೀವು ಬೇಡುವವರಾಗಿ ಉಳಿಯುವುದಿಲ್ಲ. ಆತಿಥೇಯರ ಕಷ್ಟ ಏನು ಅಂತ ನಿಮಗೂ ಒಂದೇ ಬೇಸಿಗೆಯಲ್ಲಿ ಅರ್ಥವಾಗುತ್ತದೆ.

ಯುನೆಸ್ಕೋದ ವಿಶ್ವ ಪರಂಪರೆ ಸ್ವಯಂಸೇವಕರ ಶಿಬಿರಗಳನ್ನು, 2008ರಿಂದ ನಡೆಯುತ್ತಿರುವಂಥವನ್ನು, ಕೆಲವರು ಇಂಟರ್ನ್‌ಶಿಪ್ ಅಂತ ಲೆಕ್ಕ ಹಾಕುತ್ತಾರೆ. ಅವು ಒಳ್ಳೆಯ ಅನುಭವ, ಆದರೆ ವೃತ್ತಿ ತರಬೇತಿ ಬೇರೆ.

ಯಾರೇ ಒಪ್ಪಲಿ, ಕೆಲವು ಲಕ್ಷಣ ಕಂಡರೆ ಹಿಂದೆ ಸರಿಯಿರಿ. ಮೇಲ್ವಿಚಾರಕರ ಹೆಸರು ಕೇಳಿದರೆ ‘ಯಾರಾದರೂ ನೋಡಿಕೊಳ್ಳುತ್ತಾರೆ’ ಅನ್ನುವುದು ಮೊದಲನೆಯದು. ಎರಡನೆಯದು ಸುರಕ್ಷತೆಯ ಮಾತಿಗೆ ನಗುವುದು. ನಮ್ಮ ಕೆಲಸದಲ್ಲಿ ವಿಷ ಕಣ್ಣಿಗೆ ಕಾಣುವುದಿಲ್ಲ. ಹಳೆಯ ಪ್ರಾಣಿ, ಪಕ್ಷಿ ಸಂಗ್ರಹಗಳಿಗೆ ಹುಳು ಹಿಡಿಯದಂತೆ ಆರ್ಸೆನಿಕ್, ಪಾದರಸದ ಲವಣ ಹಚ್ಚಿರುತ್ತಾರೆ. ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ. 2019ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನ ನೋತ್ರ್ ದಾಮ್ ಚರ್ಚಿನ ಚಾವಣಿ ಸುಟ್ಟಾಗ ಸೀಸದ ಧೂಳು ಹರಡಿತು. ಕೆಲಸಗಾರರ ರಕ್ಷಣೆ ಸಾಲದು ಅಂತ ಅದೇ ಜುಲೈಯಲ್ಲಿ ಕೆಲಸ ಕೆಲಕಾಲ ನಿಂತಿತು. ಅಷ್ಟು ದೊಡ್ಡ ತಾಣದಲ್ಲೇ ಹೀಗಾದರೆ ಸಣ್ಣ ತಾಣದಲ್ಲಿ ಮಾಸ್ಕ್, ಕೈಗವಸು, ಗಾಳಿ ಹೊರಹೋಗುವ ವ್ಯವಸ್ಥೆ ಇದೆಯಾ ಅಂತ ಕೇಳುವುದು ಅತಿಯಲ್ಲ. ಇನ್ನೊಂದು, ಮಾದರಿಗಳ ವಿಷಯ. ಅಲ್ಲಿನ ಗಾರೆಯ ಚೂರನ್ನು ‘ಊರಿನ ಲ್ಯಾಬ್‌ನಲ್ಲಿ ನೋಡುತ್ತೇನೆ’ ಅಂತ ಚೀಲದಲ್ಲಿ ತರುವಂತಿಲ್ಲ. ಪುರಾತತ್ವ ವಸ್ತುವಿನ ಸಣ್ಣ ತುಣುಕಿಗೂ ಬಹಳ ದೇಶಗಳಲ್ಲಿ ರಫ್ತು ಅನುಮತಿ ಬೇಕು. ಫೋಟೋ ಪ್ರಕಟಿಸುವ ಹಕ್ಕು ಯಾರದ್ದು ಅಂತಲೂ ಒಪ್ಪಂದದಲ್ಲೇ ಬರೆದುಕೊಳ್ಳಿ, ಆಮೇಲಿನ ಮನಸ್ತಾಪ ತಪ್ಪುತ್ತದೆ.

ಈಗ ನಿಮ್ಮ ವಿದ್ಯಾರ್ಥಿನಿಯ ವಿಷಯ. ಮೂರು ತಿಂಗಳಲ್ಲಿ ಆತಿಥೇಯರು, ಒಪ್ಪಂದ, ವೀಸಾ ಮೂರೂ ಆಗುವುದು ಕಷ್ಟ. ವೀಸಾ ತೀರ್ಮಾನವೇ ತಿಂಗಳುಗಟ್ಟಲೆ ಹಿಡಿದರೆ ಲೆಕ್ಕ ಅಲ್ಲೇ ಮುಗಿಯಿತು. ಗಡಿಬಿಡಿಯಲ್ಲಿ ಯಾವುದೋ ಸಂಸ್ಥೆಗೆ ಒಪ್ಪಿಸಬೇಡಿ. ನನ್ನ ಸಲಹೆ ಎರಡು ಹಂತದ್ದು. ಮೊದಲ ಆರು ವಾರ ನಿಮ್ಮದೇ ಲ್ಯಾಬ್‌ನಲ್ಲಿ, ನಿಮಗೆ ಅನುಮತಿ ಇರುವ ಕಟ್ಟಡದ ಮಾದರಿಗಳ ಮೇಲೆ ಕೆಲಸ ಮಾಡಲಿ. ಹೊರಗಿನ ಒಬ್ಬ ಗಾರೆ ತಜ್ಞರನ್ನು ಸಹ ಮೇಲ್ವಿಚಾರಕರಾಗಿ ಕೇಳಿ, ವಾರಕ್ಕೊಮ್ಮೆ ಆನ್‌ಲೈನ್‌ನಲ್ಲಿ ಫಲಿತಾಂಶ ನೋಡಿದರೆ ಸಾಕು. ಇದಕ್ಕೆ ಅವರ ಕಡೆ ವೀಸಾ ಬೇಡ, ಮೇಜು ಬೇಡ, ಹಾಗಾಗಿ ಒಪ್ಪುವವರು ಸಿಗುತ್ತಾರೆ. ಉಳಿದ ವಾರಗಳ ಪ್ರಯಾಣವನ್ನು ಮುಂದಿನ ಅವಧಿಗೆ ದೂಡಿ. ಆ ಹೊತ್ತಿಗೆ ಅದೇ ತಜ್ಞರಿಗೆ ಅವಳ ಕೆಲಸ ಗೊತ್ತಿರುತ್ತದೆ, ಆತಿಥೇಯರನ್ನು ಹೊಸದಾಗಿ ಹುಡುಕುವ ಅಗತ್ಯ ಬೀಳದೇ ಇರಬಹುದು.

ಇದರಲ್ಲೂ ಅಪಾಯ ಇದೆ. ದೂರದಿಂದ ನೋಡುವವರಿಗೆ ಕೈಚಳಕದ ತಪ್ಪು ಕಾಣುವುದಿಲ್ಲ, ಅದನ್ನು ನೀವೇ ಪಕ್ಕದಲ್ಲಿ ನಿಂತು ನೋಡಬೇಕು. ಅವಧಿ ಒಡೆಯಲು ನಿಮ್ಮ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗ ಒಪ್ಪಬೇಕು. ಮುಂದಿನ ಅವಧಿ ಅವಳ ಓದು ಮುಗಿದ ಮೇಲೆ ಬರುವುದಾದರೆ ವೀಸಾ ವರ್ಗ, ವಿಮೆ, ಫ್ರಾನ್ಸ್‌ನಂಥ ಕಡೆ ಒಪ್ಪಂದವೂ ಬದಲಾಗುತ್ತದೆ, ಅಲ್ಲಿ ಇಂಟರ್ನ್ ಆಗಲು ವಿದ್ಯಾರ್ಥಿಯಾಗಿ ದಾಖಲಾಗಿರಲೇಬೇಕು. ಆದ್ದರಿಂದ ಈ ವಾರ ತಜ್ಞರಿಗೆ ಪತ್ರ ಬರೆಯುವ ಮೊದಲೇ ಪರೀಕ್ಷಾ ವಿಭಾಗಕ್ಕೆ ಹೋಗಿ, ಅವಳ ದಾಖಲಾತಿ ಯಾವ ತಾರೀಕಿನವರೆಗೆ ಚಾಲ್ತಿಯಲ್ಲಿರುತ್ತದೆ ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ.